ಗಾಡಿಯ ಅಚ್ಚು ಮತ್ತು ಗಾಡಿಯ ಬ್ರೇಕು

ಮುಳವಾಡದ ಕಡೆಯ ಒಕ್ಕಲಿಗ ಗೃಹಸ್ಥರೊಬ್ಬರು ಹೊಸದಾಗಿ ಒಂದು ಟ್ರೇಲರು ಮಾಡಿಸಬೇಕೆಂದು ಯೋಚಿಸಿ, ಮೂರು ಪ್ರಶ್ನೆಗಳನ್ನು ಬರೆದು ಕಳಿಸಿರುವರು. ಗುಜರಿಯಲ್ಲಿ ಸಿಗುವ ಹಳೆಯ ಲಾರಿಯ ಹಿಂದಿನ ಅಚ್ಚನ್ನು ಅದಕ್ಕೆ ಕೂಡಿಸಬಹುದೋ, ಹೊಸ ಅಚ್ಚನ್ನೇ ಕೊಳ್ಳಬೇಕೋ? ಟ್ರ್ಯಾಕ್ಟರಿಗೆ ಬ್ರೇಕು ಇರುವಾಗ ಟ್ರೇಲರಿಗೆ ಬೇರೊಂದು ಬ್ರೇಕಿನ ಅವಶ್ಯಕತೆ ಉಂಟೋ? ಅಚ್ಚು ಗಾಲಿಗಳಿಗೆ ಒಳಗೂ ಹೊರಗೂ ಬಣ್ಣ ಬಳಿಸಿದರೆ ತುಕ್ಕಿನ ಕಾಟ ತಪ್ಪೀತೋ? ಪ್ರಶ್ನೆಗಳು ಒಬ್ಬರವಾದರೂ ಇಂದು ಆ ಸೀಮೆಯ ಎಷ್ಟೋ ಮನೆಗಳ ಯಜಮಾನರಿಗೆ ಇವು ಸಂಬಂಧಿಸಿದವು. ಆದ್ದರಿಂದ ಈ ತಿಂಗಳ ಅಂಕಣವನ್ನು ಇವಕ್ಕೇ ಮೀಸಲಿಟ್ಟಿದ್ದೇವೆ.

ಮೊದಲು ಆ ಊರಿನ ಸ್ಥಿತಿಯನ್ನು ನೆನೆಯಬೇಕು. ಬಸವನ ಬಾಗೇವಾಡಿ ಸೀಮೆಯ ಮುಳವಾಡವು ಬಿಳಿಜೋಳದ ಎರೆ ಭೂಮಿಯ ಊರು. ಆಲಮಟ್ಟಿಯ ಅಣೆಕಟ್ಟಿಗೆ 1964ರಲ್ಲಿ ಲಾಲ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಅಣೆಕಟ್ಟು ಮುಗಿದು, ಹಿನ್ನೀರನ್ನು ಮೇಲೆತ್ತಿ ಹರಿಸುವ ಮುಳವಾಡ ಏತ ನೀರಾವರಿಯು ಆ ಊರಿನ ಹೆಸರನ್ನೇ ಹೊತ್ತು ನಿಂತಿತು. ನೀರು ಬಂದಲ್ಲಿ ಕಬ್ಬು ಬಂದಿತು. ಕಬ್ಬು ಬಂದಲ್ಲಿ ಟ್ರ್ಯಾಕ್ಟರು, ಅದರ ಬೆನ್ನಿಗೆ ಒಂದಲ್ಲ ಎರಡು ಟ್ರೇಲರುಗಳು. ಚಕ್ಕಡಿಯೊಂದರಲ್ಲಿ ಜೋಳದ ಚೀಲ ಹೇರಿಕೊಂಡು ಹೋಗುತ್ತಿದ್ದ ದಾರಿಯ ಮೇಲೆಯೇ ಈಗ ಅದರ ಹತ್ತು ಪಟ್ಟು ಭಾರವು ಅದರ ಏಳೆಂಟು ಪಟ್ಟು ವೇಗದಿಂದ ಓಡಾಡುವದು. ದಾರಿಯಾದರೋ ಕೃಷ್ಣೆಯ ಕಡೆಗೆ ಇಳಿಯುತ್ತ ಹೋಗುವದು.

ಚಕ್ಕಡಿಗೆ ಬ್ರೇಕು ಇದ್ದಿಲ್ಲವಲ್ಲ, ಅದು ಹೇಗೆ ನಡೆಯಿತು ಎಂದು ವಾಚಕರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಕಬ್ಬಿಣದ ಹಳಿ ಹಾಕಿದ ಮರದ ಗಾಲಿಯು ಮಣ್ಣಿನ ದಾರಿಯಲ್ಲಿ ಹೆಜ್ಜೆಹೆಜ್ಜೆಗೂ ಹೂಳುತ್ತ, ಗುಂಭದೊಳಗೆ ಅಚ್ಚಿಗೆ ಉಜ್ಜುತ್ತ ಸಾಗುವದು. ನೂರು ಮಣ ಭಾರವನ್ನು ಸಮನೆಲದಲ್ಲಿ ಎಳೆಯಲು ಅದಕ್ಕೆ ಐದರಿಂದ ಹತ್ತು ಮಣದಷ್ಟು ಜಗ್ಗುವ ಬಲ ಬೇಕಾಗುವದು. ಅಂದರೆ ನೂರಡಿಗೆ ಐದಡಿ ಇಳಿಯುವ ಇಳಿಜಾರಿನಲ್ಲಿಯೂ ಅದು ತಾನಾಗಿ ಉರುಳಲಾರದು. ಘರ್ಷಣೆಯೇ ಅದರ ಬ್ರೇಕು. ಇದಕ್ಕಿಂತ ಕಡಿದಾದ ಘಟ್ಟದಲ್ಲಿ ಗಾಡಿಕಾರನು ಒಂದು ಗಾಲಿಯನ್ನು ಹಗ್ಗದಿಂದಲೋ ಸರಪಳಿಯಿಂದಲೋ ಬಿಗಿದು ಎಳೆಸುತ್ತಿದ್ದನು, ಇಲ್ಲವೆ ಗಾಲಿಗೆ ಮರದ ತುಂಡನ್ನು ಒತ್ತಿ ಹಿಡಿಯುತ್ತಿದ್ದನು. ಅದೂ ಇಲ್ಲದಲ್ಲಿ ಉಳಿದ ಭಾರವನ್ನೆಲ್ಲ ನೊಗದ ಮುಖಾಂತರ ಎತ್ತುಗಳ ಕುತ್ತಿಗೆಯೇ ತಡೆಯಬೇಕಾಗುತ್ತಿತ್ತು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಮೊದಲ ನಿರ್ದೇಶಕರಾದ ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗಾಗಿ ಬಹುಕಾಲ ದುಡಿದದ್ದು ಈ ಮೂಕ ಪ್ರಾಣಿಗಳ ಕುತ್ತಿಗೆಯ ಮರುಕದಿಂದಲೇ.

ರಬ್ಬರಿನ ಟೈರೂ ಉರುಳುವ ಬೇರಿಂಗೂ ಬಂದ ಮೇಲೆ ಲೆಕ್ಕವೇ ತಿರುಗಿತು. ಡಾಂಬರು ದಾರಿಯ ಮೇಲೆ ಗಾಳಿ ತುಂಬಿದ ಟೈರಿಗೆ ನೂರಕ್ಕೆ ಒಂದೆರಡು ಮಣ ಬಲವಿದ್ದರೆ ಸಾಕು. ಎಳೆಯುವವನಿಗೆ ಇದು ಮಹೋಪಕಾರ. ಆದರೆ ಕಣ್ಣಿಗೆ ಕಾಣದಂಥ ಇಳಿಜಾರಿನಲ್ಲಿಯೂ ಗಾಡಿಯು ತಾನಾಗಿ ಓಡಲಾರಂಭಿಸುವದು. ಹಳೆಯ ಗಾಡಿಯು ತನ್ನೊಳಗೆ ಹೊತ್ತಿದ್ದ ಬ್ರೇಕನ್ನು ನಾವು ಸುಧಾರಣೆಯ ಹೆಸರಿನಿಂದ ತೆಗೆದುಹಾಕಿದೆವು. ಅದರ ಸ್ಥಾನದಲ್ಲಿ ಬೇರೊಂದನ್ನು ಇಡಬೇಕೆಂಬುದು ಬಹು ಜನರಿಗೆ ಹೊಳೆದಿಲ್ಲ.

ಎರಡನೆಯ ಪ್ರಶ್ನೆಗೆ ಇದರಲ್ಲಿಯೇ ಅರ್ಧ ಉತ್ತರ ದೊರೆಯಿತು. ಉಳಿದರ್ಧವನ್ನು ಅಂಕಿಗಳಿಂದಲೇ ಹೇಳುವದು ಲೇಸು. ಟ್ರ್ಯಾಕ್ಟರಿನ ತೂಕ 2 ಟನ್ನು, ಕಬ್ಬು ತುಂಬಿದ ಒಂದೇ ಟ್ರೇಲರಿನ ತೂಕ 8 ಟನ್ನು ಎಂದು ಹಿಡಿಯೋಣ. ನಮ್ಮ ಟ್ರ್ಯಾಕ್ಟರುಗಳ ಬ್ರೇಕು ಸಾಮಾನ್ಯವಾಗಿ ಹಿಂದಿನ ಎರಡು ಗಾಲಿಗಳನ್ನು ಮಾತ್ರ ಹಿಡಿಯುವದು. ಆ ಗಾಲಿಗಳು ನೆಲವನ್ನು ಕಚ್ಚಿ ತಡೆಯುವ ಬಲವು 800 ಕಿಲೋದಷ್ಟಿರಲಿ. ತಾಸಿಗೆ 30 ಕಿಲೋಮೀಟರು ವೇಗದಿಂದ ಬರಿಯ ಟ್ರ್ಯಾಕ್ಟರು ಹೋಗುತ್ತಿದ್ದರೆ ಬ್ರೇಕು ಹಿಡಿದ ಮೇಲೆ ಸುಮಾರು 9 ಮೀಟರಿನಲ್ಲಿ ನಿಲ್ಲುವದು. ಅದೇ ಟ್ರ್ಯಾಕ್ಟರಿನ ಬೆನ್ನಿಗೆ ಆ 8 ಟನ್ನು ಇದ್ದರೆ, ಅದೇ ವೇಗಕ್ಕೆ ಅದೇ ಕಾಲಿನ ಒತ್ತಿಗೆ, ನಿಲ್ಲಲು 44 ಮೀಟರು ಬೇಕು. ಇದು ಸಮನೆಲದ ಮಾತು. ನೂರಕ್ಕೆ ಐದರ ಇಳಿಜಾರಿನಲ್ಲಿ ಅದು 118 ಮೀಟರಾಗುವದು. ನೂರಕ್ಕೆ ಎಂಟರ ಇಳಿಜಾರಾದರೆ ತಡೆಯುವ ಬಲವೂ ತಳ್ಳುವ ಬಲವೂ ಸರಿಸಮನಾಗಿ, ಗಾಡಿಯು ಇಳಿಜಾರು ಮುಗಿಯುವವರೆಗೆ ಹೆಚ್ಚುಕಡಿಮೆ ಅದೇ ವೇಗದಿಂದ ಓಡುತ್ತಲೇ ಇರುವದು. ಚಾಲಕನು ಪೆಡಲಿನ ಮೇಲೆ ಎದ್ದು ನಿಂತರೂ ಅಷ್ಟೇ. ಹೆಚ್ಚೆಂದರೆ ಗಾಲಿಗಳು ಕಟ್ಟಿಕೊಂಡು ಜಾರುವವು.

ಟ್ರೇಲರಿನ ಅಚ್ಚಿನ ಮೇಲೆ ಬೀಳುವ 6 ಟನ್ನಿಗೆ ನೂರಕ್ಕೆ ಮೂವತ್ತರಂತೆ ತಡೆಯುವ ಬ್ರೇಕನ್ನು ಕೂಡಿಸಿದರೆ ಮತ್ತೆ 1800 ಕಿಲೋ ಬಲವು ದೊರೆಯುವದು. ಆಗ ಸಮನೆಲದಲ್ಲಿ 14 ಮೀಟರು, ನೂರಕ್ಕೆ ಐದರ ಇಳಿಜಾರಿನಲ್ಲಿ 17 ಮೀಟರು ಸಾಕು. 118 ಎಲ್ಲಿ, 17 ಎಲ್ಲಿ! ಈ ನೂರು ಮೀಟರಿನ ಅಂತರದಲ್ಲಿ ಶಾಲೆಗೆ ಹೋಗುವ ಮಕ್ಕಳಿರುವರು, ಸಂತೆಯಿಂದ ಬರುವ ಹೆಣ್ಣುಮಕ್ಕಳಿರುವರು, ಮೊದಲಾಗಿ ಟ್ರ್ಯಾಕ್ಟರಿನ ಮೇಲೆ ಕುಳಿತ ನಮ್ಮ ಮನೆಯ ಹುಡುಗನೇ ಇರುವನು. ಯಾಕೆಂದರೆ ತಿರುವಿನಲ್ಲಿ ಬ್ರೇಕು ಹಾಕಿದಾಗ ಹಿಂದಿನ ಭಾರವು ನೇರವಾಗಿ ಮುಂದೆ ನುಗ್ಗಿ, ಟ್ರ್ಯಾಕ್ಟರನ್ನು ಅಡ್ಡ ಮಡಚಿ ಕೆಡವುವದು. ಎರಡು ಟ್ರೇಲರು ಕಟ್ಟಿದವರಿಗೆ ಈ ಗಂಡಾಂತರ ಎಷ್ಟು ಪಟ್ಟು ಎಂಬುದನ್ನು ವಾಚಕರೇ ಲೆಕ್ಕಮಾಡಿಕೊಳ್ಳಬಹುದು.

ಎಳೆಯುವ ಬಲವನ್ನು ಮೊದಲು ಬೆಳೆಸಿ, ನಿಲ್ಲಿಸುವ ಬಲವನ್ನು ಆ ಮೇಲೆ ನೆನೆಯುವದು ನಮ್ಮವರ ದೋಷವೊಂದೇ ಅಲ್ಲ. ಅಮೇರಿಕೆಯಲ್ಲಿ ‘ಹಾಟ್ ರಾಡ್’ ಎಂಬ ಒಂದು ಹವ್ಯಾಸವುಂಟು. ಹಳೆಯ ಮೋಟಾರನ್ನು ಅಗ್ಗಕ್ಕೆ ಕೊಂಡು, ಮೈಮೇಲಿನ ತಗಡನ್ನು ಹಗುರ ಮಾಡಿ, ಎಂಜಿನ್ನಿನ ಬಲವನ್ನು ಹೆಚ್ಚಿಸಿ, ಕ್ಯಾಲಿಫೋರ್ನಿಯಾದ ಒಣಗಿದ ಕೆರೆಗಳ ಅಂಗಳದಲ್ಲಿ ತರುಣರು ಓಡಿಸುತ್ತಿದ್ದರು. ಅವರ ಅಚ್ಚುಮೆಚ್ಚಿನದು 1932ರ ಫೋರ್ಡ್ ಗಾಡಿ. ಆದರೆ ಅದರ ಬ್ರೇಕು ಸಲಾಕೆಗಳಿಂದ ಜಗ್ಗುವ ಜಾತಿಯದು. ನಾಲ್ಕು ಗಾಲಿಗಳಿಗೂ ಸಮನಾಗಿ ಹಿಡಿಯುವದೇ ಕಷ್ಟ. ಫೋರ್ಡ್ ಕಂಪನಿಯು 1939ರ ಗಾಡಿಗಳಿಗೆ ಎಣ್ಣೆಯ ಒತ್ತಡದ ಬ್ರೇಕನ್ನು ಕೂಡಿಸಿದ ತರುವಾಯ, ಆ ಹೊಸ ಬ್ರೇಕನ್ನು ಬಿಚ್ಚಿ ತಂದು ಹಳೆಯ ಗಾಡಿಗೆ ಹಾಕುವದು ಈ ಹವ್ಯಾಸಿಗಳ ಮೊದಲ ಕೆಲಸಗಳಲ್ಲೊಂದಾಯಿತು. ಮುಂದೆ ಎಂಜಿನ್ನುಗಳ ಬಲ ಇನ್ನೂ ಏರಿ ಹಳೆಯ ಹಿಂದಿನ ಅಚ್ಚು ತಡೆಯದಾದಾಗ, 1957ರಲ್ಲಿ ಬಂದ ಒಂಬತ್ತು ಇಂಚಿನ ಹಲ್ಲುಚಕ್ರದ ಫೋರ್ಡ್ ಅಚ್ಚನ್ನು ಹುಡುಕಿ ಹುಡುಕಿ ಹಾಕಿಸತೊಡಗಿದರು. ಅವರಲ್ಲಿ ತಿಳಿದವರ ಪದ್ಧತಿಯೆಂದರೆ, ಅಚ್ಚನ್ನು ಬೇರೆಯಾಗಿ ಬ್ರೇಕನ್ನು ಬೇರೆಯಾಗಿ ಆರಿಸದೆ, ಎರಡನ್ನೂ ಕೂಡಿಯೇ ಆರಿಸುವದು. ಜಾತ್ರೆಗಳಲ್ಲಿ ಟ್ರ್ಯಾಕ್ಟರು ಜಗ್ಗುವ ಪಂದ್ಯವಾಡುವ ನಮ್ಮ ತರುಣರು ಆ ತರುಣರ ದಾಯಾದಿಗಳೇ ಸರಿ. ಜಗ್ಗುವದಕ್ಕೆ ಬಹುಮಾನವುಂಟು; ನಿಲ್ಲಿಸುವದಕ್ಕೆ ಇನ್ನೂ ಯಾವ ಜಾತ್ರೆಯಲ್ಲಿಯೂ ಬಹುಮಾನವಿಟ್ಟದ್ದನ್ನು ನಾವು ಕೇಳಿಲ್ಲ.

ಈಗ ಮೊದಲನೆಯ ಪ್ರಶ್ನೆಯಾದ ಅಚ್ಚಿನ ಆಯ್ಕೆಗೆ ಬರೋಣ. ಟ್ರೇಲರಿನ ಅಚ್ಚು ತಿರುಗುವದಲ್ಲ, ಬರಿದೆ ಹೊರುವಂಥದು. ನಾಲ್ಕು ಮೂಲೆಯ ಗಟ್ಟಿ ಉಕ್ಕಿನ ದಂಡ, ಎರಡು ತುದಿಗಳಲ್ಲಿ ಕಡೆದ ಮೊಳೆ, ಅದರ ಮೇಲೆ ಬೇರಿಂಗು, ಬೇರಿಂಗಿನ ಮೇಲೆ ಹಬ್, ಇಷ್ಟೇ ಅದರ ರಚನೆ. ಇದರಲ್ಲಿ ದಂಡದ ದಪ್ಪವೇ ಮುಖ್ಯ. ವಾಚಕರು ಒಂದು ಮಾತನ್ನು ನೆನಪಿಡಬೇಕು: ಬಾಗುವಿಕೆಯನ್ನು ತಡೆಯುವ ಶಕ್ತಿಯು ದಪ್ಪದ ಜೊತೆಗೆ ಸಮಸಮನಾಗಿ ಬೆಳೆಯದೆ ಅದರ ಘನದಂತೆ ಬೆಳೆಯುವದು. 65 ಮಿಲಿಮೀಟರಿನ ದಂಡಕ್ಕಿಂತ 75 ಮಿಲಿಮೀಟರಿನದು ನೋಡಲು ಒಂದು ಬೆರಳಿನಷ್ಟೂ ಹೆಚ್ಚಲ್ಲ. ಹೊರುವದರಲ್ಲಿ ಒಂದೂವರೆ ಪಟ್ಟು ಹೆಚ್ಚು. ಕಬ್ಬಿಣದ ತೂಕವು ಮೂರರಲ್ಲಿ ಒಂದು ಪಾಲು ಮಾತ್ರ ಏರುವದು. ಆದಕಾರಣ ಅಚ್ಚಿನಲ್ಲಿ ಒಂದು ಹೆಜ್ಜೆ ಮೇಲಿನದನ್ನು ಕೊಂಡವನಿಗೆ ನಷ್ಟವಿಲ್ಲ. ಕಮಾನು ಪಟ್ಟಿಗಳನ್ನು ಗಾಲಿಗೆ ಎಷ್ಟು ಸಮೀಪವಾಗಿ ಕೂಡಿಸಿದರೆ ಅಚ್ಚಿಗೆ ಅಷ್ಟು ಸುಖ. ನಡುವೆ ಸರಿಸಿದಷ್ಟೂ ಅದು ಹೆಚ್ಚು ಬಾಗಬೇಕಾಗುವದು.

ಅಚ್ಚನ್ನು ಎಲ್ಲಿ ಕೂಡಿಸಬೇಕೆಂಬುದನ್ನು ನಮ್ಮ ಬಡಿಗರು ಹಿಂದಿನಿಂದಲೂ ಬಲ್ಲರು. ಚಕ್ಕಡಿಯಲ್ಲಿ ಭಾರವು ಮೂಕಿಯ ಕಡೆಗೆ ಹೆಚ್ಚಾದರೆ ಎತ್ತಿನ ಹೆಗಲು ಹುಣ್ಣಾಗುವದು, ಹಿಂದಕ್ಕೆ ಹೆಚ್ಚಾದರೆ ನೊಗವು ಎದ್ದು ಕುತ್ತಿಗೆ ಕಟ್ಟುವದು. ಎರಡು ಗಾಲಿಯ ಟ್ರೇಲರಿಗೂ ಅದೇ ನ್ಯಾಯ. ಹತ್ತರಲ್ಲಿ ಒಂದೆರಡು ಪಾಲು ಭಾರವು ಟ್ರ್ಯಾಕ್ಟರಿನ ಕೊಂಡಿಯ ಮೇಲೆ ಕೂಡ್ರಬೇಕು. ಅಚ್ಚನ್ನು ಮುಂದಕ್ಕೆ ಸರಿಸಿದ್ದರೆ ಟ್ರೇಲರಿನ ಹಿಂದುಗಡೆಯು ತಗ್ಗಿ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳನ್ನು ಮೇಲಕ್ಕೆ ಎತ್ತುವದು. ಬ್ರೇಕು ಇರುವದು ಆ ಗಾಲಿಗಳಿಗೇ ಎಂಬುದನ್ನು ಮರೆಯಲಾಗದು.

ಇನ್ನು ಗುಜರಿಯ ಲಾರಿ ಅಚ್ಚಿನ ಸಂಗತಿ. ಲಾರಿಯ ಹಿಂದಿನ ಅಚ್ಚಿನಲ್ಲಿ ಎರಡು ಭಾಗಗಳುಂಟು. ಹೊರಗಿನ ದಪ್ಪ ಕೊಳವೆಯು ಭಾರವನ್ನು ಹೊರುವದು. ಒಳಗಿನ ದಂಡಗಳು ಗಾಲಿಯನ್ನು ತಿರುಗಿಸುವವು. ಭಾರದ ಲಾರಿಗಳಲ್ಲಿ ಒಳಗಿನ ದಂಡವನ್ನೂ ನಡುವಿನ ಹಲ್ಲುಚಕ್ರವನ್ನೂ ತೆಗೆದರೂ ಗಾಲಿಯು ಕೊಳವೆಯ ಮೇಲೆಯೇ ನಿಲ್ಲುವದು. ಅಂಥದನ್ನು, ಹಬ್ಬಿನ ಬಾಯಿಗೆ ಮುಚ್ಚಳ ಹಾಕಿ, ಟ್ರೇಲರಿಗೆ ಉಪಯೋಗಿಸಬಹುದು. ಜೀಪು, ಕಾರುಗಳ ಬಹುತರ ಅಚ್ಚುಗಳಲ್ಲಿ ಗಾಲಿಯ ಭಾರವು ಒಳಗಿನ ದಂಡದ ಮೇಲೆಯೇ ಬೀಳುವದರಿಂದ ಅವು ಈ ಕೆಲಸಕ್ಕೆ ಸಲ್ಲವು.

ಲಾರಿ ಅಚ್ಚಿನ ನಿಜವಾದ ಲಾಭವು ಅದರ ಜೊತೆಗೆ ಬರುವ ಡ್ರಮ್ಮು ಮತ್ತು ಬ್ರೇಕಿನ ಲಾಳಗಳು. ಆ ಭಾರಕ್ಕೆಂದೇ ತಯಾರಾದ ಬ್ರೇಕು ಕೈಗೆ ಬಂದಿರುವಾಗ, ‘ಇದು ಯಾತಕ್ಕೆ, ಬಿಚ್ಚಿ ಒಗೀರಿ ಗೌಡ್ರ, ಗಾಲಿ ಹಗುರ ತಿರುಗತಾವು’ ಎಂದು ಮಿಸ್ತ್ರಿಯು ಹೇಳುವನು, ಗೌಡರೂ ಒಪ್ಪುವರು, ಲಾಳಗಳು ಮರಳಿ ಗುಜರಿಗೇ ಹೋಗುವವು. ಇದಕ್ಕಿಂತ ವಿಪರೀತವಾದ ಮಿತವ್ಯಯವು ಇನ್ನೊಂದಿಲ್ಲ. ಹೊಸ ಅಚ್ಚನ್ನು ಕೊಳ್ಳುವವರೂ ಬ್ರೇಕು ಕೂಡಿಸುವ ಚಾಚುಪಟ್ಟಿ ಇಲ್ಲದ ಅಚ್ಚನ್ನು ನಾಲ್ಕು ದುಡ್ಡು ಅಗ್ಗವೆಂದು ಆರಿಸುವದುಂಟು. ಮುಂದೆ ಬುದ್ಧಿ ಬಂದಾಗ ಆ ಪಟ್ಟಿಯನ್ನು ಅಚ್ಚಿಗೆ ನೇರವಾಗಿ ಬೆಸೆಯುವದು ಊರ ಮಿಸ್ತ್ರಿಯ ಕೈಯಿಂದ ಆಗತಕ್ಕ ಮಾತಲ್ಲ. ಕೂದಲೆಳೆಯಷ್ಟು ಸೊಟ್ಟಾದರೂ ಲಾಳವು ಒಂದೇ ಕಡೆಗೆ ಉಜ್ಜುವದು. ಆದ್ದರಿಂದ ನಮ್ಮ ಖಚಿತವಾದ ಅಭಿಪ್ರಾಯವೇನೆಂದರೆ, ಹಳೆಯದಿರಲಿ ಹೊಸದಿರಲಿ, ಅಚ್ಚಿನ ಬೆಲೆಯನ್ನು ಬ್ರೇಕಿನ ಸಮೇತವೇ ಕೇಳಬೇಕು. ಬ್ರೇಕಿಲ್ಲದ ಅಚ್ಚನ್ನು ಮನೆಗೆ ತರಲೇಬಾರದು. ಬಣ್ಣದ ಹಲಗೆ, ಹೆಸರು ಬರೆಸುವದು, ಹಾಡು ಕೇಳಿಸುವ ಪೆಟ್ಟಿಗೆಗಳು ಇವಕ್ಕೆಲ್ಲ ಆ ಮೇಲೆ ಹಣವುಳಿದರೆ ನೋಡಬಹುದು.

ಹಳೆಯ ಅಚ್ಚನ್ನು ಕೊಳ್ಳುವ ಮುಂಚೆ ಬಿರುಕು ನೋಡುವ ಒಂದು ಸುಲಭವಾದ ಉಪಾಯವನ್ನು ಮನೆಯವರೂ ಮಾಡಬಹುದು. ಅಚ್ಚಿನ ಮೊಳೆಯನ್ನು ಚೊಕ್ಕಟವಾಗಿ ಉಜ್ಜಿ, ಸೀಮೆಎಣ್ಣೆಯನ್ನು ಹಚ್ಚಿ ಕೆಲಹೊತ್ತು ಬಿಟ್ಟು, ಬಟ್ಟೆಯಿಂದ ಪೂರ್ತಿಯಾಗಿ ಒರೆಸಬೇಕು. ತರುವಾಯ ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಬಳಿದು, ಸುತ್ತಿಗೆಯಿಂದ ಮೆಲ್ಲಗೆ ಬಡಿಯಬೇಕು. ಬಿರುಕು ಇದ್ದರೆ ಅದರೊಳಗೆ ಹೊಕ್ಕ ಎಣ್ಣೆಯು ಹೊರಬಂದು ಬಿಳುಪಿನ ಮೇಲೆ ಕಪ್ಪು ಗೆರೆಯನ್ನೆಳೆಯುವದು. ಗೆರೆ ಕಂಡ ಅಚ್ಚನ್ನು ಬಿಟ್ಟುಬಿಡಿರಿ. ನಡುವೆ ಕೊಯ್ದು ಬೆಸೆದ ಅಚ್ಚನ್ನೂ ಬಿಡಿರಿ. ಮೇಲೆ ಎಷ್ಟು ನುಣ್ಣಗೆ ಅರೆದಿದ್ದರೂ ಭಾರ ಬಿದ್ದಾಗ ಅದು ಮುರಿಯುವದು ಬೆಸುಗೆಯ ಅಂಚಿಗೇ. ದಂಡವು ಬಾಗಿದೆಯೋ ಎಂಬುದನ್ನು ತಿಳಿಯಲು ಎರಡೂ ಗಾಲಿಗಳ ನಡುವಿನ ಅಂತರವನ್ನು ಮುಂದೆಯೂ ಹಿಂದೆಯೂ ದಾರ ಹಿಡಿದು ಅಳೆಯಿರಿ. ಸಮವಿರದಿದ್ದರೆ ಟೈರುಗಳು ಒಂದೇ ಹಂಗಾಮಿನಲ್ಲಿ ಸವೆದುಹೋಗುವವು.

ಬ್ರೇಕಿನ ಗಾತ್ರವನ್ನು ಆರಿಸುವಾಗ ಟೈರಿನ ಎತ್ತರವನ್ನು ಲೆಕ್ಕಕ್ಕೆ ಹಿಡಿಯಲೇಬೇಕು. 1800 ಕಿಲೋ ಬಲವು ಎರಡು ಗಾಲಿಗಳಿಗೆ ಹಂಚಿದರೆ ಒಂದಕ್ಕೆ 900. ಟೈರಿನ ನಡುವಿನಿಂದ ನೆಲಕ್ಕೆ ಅರ್ಧ ಮೀಟರಿದ್ದರೆ, ಕಾಲು ಮೀಟರಿನಷ್ಟೂ ಇಲ್ಲದ ಡ್ರಮ್ಮಿನ ಒಳಮೈಯಲ್ಲಿ ಅದರ ಎರಡು ಪಟ್ಟಿಗೂ ಮಿಕ್ಕಿದ ಬಲದಿಂದ ಲಾಳವು ಹಿಡಿಯಬೇಕು. ಗಾಲಿಯು ದೊಡ್ಡದಾದಷ್ಟೂ ಬ್ರೇಕಿಗೆ ಸೋಲು. ಕೆಸರಿನಲ್ಲಿ ಹೂಳಬಾರದೆಂದು ದೊಡ್ಡ ಟೈರು ಹಾಕಿಸುವವರು ಡ್ರಮ್ಮನ್ನೂ ಅದಕ್ಕೆ ತಕ್ಕಂತೆ ದೊಡ್ಡದು ಮಾಡಿಸಬೇಕು.

ಬ್ರೇಕನ್ನು ಒತ್ತುವ ಬಗೆಗಳು ಹಲವು. ಸಲಾಕೆಯಿಂದ ಜಗ್ಗುವದು ಅಗ್ಗ; ನಿಲ್ಲಿಸಿದ ಗಾಡಿ ಉರುಳದಂತೆ ಹಿಡಿಯಲು ಬಹಳ ಚೆನ್ನ; ಓಡುವ ಗಾಡಿಗೆ ಸಾಲದು. ಇನ್ನೊಂದುಂಟು, ಟ್ರೇಲರು ಮುಂದಕ್ಕೆ ನೂಕಿದಾಗ ಆ ನೂಕಿನಿಂದಲೇ ಕೊಂಡಿಯೊಳಗಿನ ದಂಡವು ಸರಿದು ಬ್ರೇಕು ಹಿಡಿಯುವಂಥದು. ಯುಕ್ತಿ ಮೆಚ್ಚತಕ್ಕದ್ದೇ; ಆದರೆ ಇದು ಹಗುರಾದ ಒಂಟಿ ಟ್ರೇಲರಿಗೆ ಸರಿ, ಮತ್ತು ಹಿಂದಕ್ಕೆ ನಡೆಸುವಾಗ ತಾನೇ ಹಿಡಿದುಕೊಳ್ಳದಂತೆ ಒಂದು ಕೊಕ್ಕೆ ಬೇಕು. ಕಬ್ಬಿನ ಭಾರಕ್ಕೆ ಎಣ್ಣೆಯ ಒತ್ತಡದ್ದು ಇಲ್ಲವೆ ಗಾಳಿಯ ಒತ್ತಡದ್ದೇ ಯೋಗ್ಯ. ಟ್ರ್ಯಾಕ್ಟರಿನ ಎತ್ತುವ ಯಂತ್ರದ ಎಣ್ಣೆಯಿಂದಲೇ ನಡೆಯುವ ಬ್ರೇಕಿನ ಕವಾಟಗಳು ದೊರೆಯುವವು. ಆ ಎಣ್ಣೆಯೇ ಬೇರೆ, ಮೋಟಾರಿನ ಬ್ರೇಕಿಗೆ ಹಾಕುವ ದ್ರವವೇ ಬೇರೆ. ಒಂದರ ರಬ್ಬರು ಬಳೆಯು ಇನ್ನೊಂದರಲ್ಲಿ ಉಬ್ಬಿ ಕೆಡುವದು. ಬದಲಾಯಿಸಿ ಹಾಕಿದರೆ ಬ್ರೇಕು ಇದ್ದೂ ಇಲ್ಲದಂತಾಗುವದು.

ಯಾವ ಬಗೆಯದಾದರೂ ಕೊಂಡಿ ಹರಿದಾಗ ಏನಾಗುವದು ಎಂಬ ಪ್ರಶ್ನೆಯನ್ನು ಮಿಸ್ತ್ರಿಗೆ ಕೇಳಿಯೇ ಮುಂಗಡ ಕೊಡಬೇಕು. ಮುಳವಾಡದವರಿಗೆ ಇದರ ಉತ್ತರವು ಊರಿನ ಸ್ಟೇಷನ್ನಿನಲ್ಲಿಯೇ ಕಾಣಸಿಗುವದು. 1884ರಲ್ಲಿ ತೆರೆದ ಹೋಟಗಿ-ಗದಗ ರೈಲುದಾರಿಯು ಆ ಊರ ಮೇಲಿನಿಂದಲೇ ಹೋಗಿರುವದು. ಅಮೇರಿಕೆಯ ಜಾರ್ಜ್ ವೆಸ್ಟಿಂಗ್‌ಹೌಸನು 1872ರಲ್ಲಿ ರೂಪಿಸಿದ ಸ್ವಯಂಚಾಲಿತ ಗಾಳಿಬ್ರೇಕಿನ ತತ್ವವೇನೆಂದರೆ, ಕೊಳವೆಯಲ್ಲಿ ಒತ್ತಡವಿರುವವರೆಗೆ ಬ್ರೇಕು ಬಿಟ್ಟಿರುವದು. ಡಬ್ಬಿಯು ಕಳಚಿ ಕೊಳವೆ ಹರಿದೊಡನೆ ಒತ್ತಡವಿಳಿದು ಬ್ರೇಕು ತಾನಾಗಿ ಹಿಡಿಯುವದು. ನಮ್ಮ ದೇಶದ ರೈಲುಗಳಲ್ಲಿ ಬಹುಕಾಲ ನಡೆದ ನಿರ್ವಾತ ಬ್ರೇಕಿನದೂ, ಈಗಿನ ಗಾಳಿಬ್ರೇಕಿನದೂ ಇದೇ ನೀತಿ. ಟ್ರೇಲರಿಗೆ ಅಷ್ಟು ದೊಡ್ಡ ಸಾಹಸ ಬೇಕಿಲ್ಲ. ಕೊಂಡಿ ಕಳಚಿದರೆ ಬ್ರೇಕಿನ ಸನ್ನೆಗೋಲನ್ನು ಜಗ್ಗಿ ಹಿಡಿಯುವ ಒಂದು ತಂತಿ, ಜೊತೆಗೆ ಒಂದು ಗಟ್ಟಿ ಸರಪಳಿ ಇದ್ದರೆ ಸಾಕು.

ಗಾಲಿಯು ಅಚ್ಚಿನಿಂದ ಕಳಚಿಹೋಗದಂತೆ ಹಿಂದಿನವರು ಕಡೆಗೀಲನ್ನು ಹಾಕುತ್ತಿದ್ದರು. ಮುದನೂರಿನ ಜೇಡರ ದಾಸಿಮಯ್ಯನು ತನ್ನ ಒಂದು ವಚನದಲ್ಲಿ ಬಂಡಿಯ ಈ ಕಡೆಗೀಲನ್ನೇ ಉಪಮೆಯಾಗಿ ಹಿಡಿದಿರುವನು. ಈಗ ಆ ಸ್ಥಾನದಲ್ಲಿ ಇರುವದು ಹಲ್ಲಿನ ನಟ್ಟು ಮತ್ತು ಅದನ್ನು ತಡೆಯುವ ಸೀಳುಪಿನ್ನು. ಪಿನ್ನು ಕಳೆದಾಗ ಅದರ ಬದಲು ತಂತಿಯ ತುಂಡನ್ನೋ ಮೊಳೆಯನ್ನೋ ಬಾಗಿಸಿ ಹಾಕುವ ಪದ್ಧತಿಯು ಎಲ್ಲೆಲ್ಲಿಯೂ ಕಾಣುವದು. ಆ ಪಿನ್ನಿನ ಬೆಲೆ ಒಂದು ಚಹಾದ ಬೆಲೆಗಿಂತ ಹೆಚ್ಚಲ್ಲ. ನಾಲ್ಕು ಪಿನ್ನುಗಳನ್ನು ಮನೆಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರಬೇಕು.

ಕಾಯಿದೆಯ ಮಾತನ್ನೂ ಒಂದಿಷ್ಟು ಹೇಳಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಿಸಿದವರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಲಾಗದು. 2019ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿದಿರುವದು. ಟ್ರೇಲರನ್ನು ಮಾಡಿಸುವವರು ಅದು ನೋಂದಣಿಯಾಗುವ ಮಾದರಿಯದೋ ಅಲ್ಲವೋ ಎಂಬುದನ್ನು ವಿಜಯಪುರದ ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸುವದು ಒಳ್ಳೆಯದು. ಮಾಡಿಸಿದ ಮೇಲೆ ವಿಚಾರಿಸಿದರೆ ಉತ್ತರವು ದುಬಾರಿಯಾಗುವದು.

ಗಾಡಿಯು ಮನೆಗೆ ಬಂದ ದಿನವೇ ಕಬ್ಬು ಹೇರಬಾರದು. ಬೆಳೆ ತೆಗೆದ ಹೊಲದಲ್ಲಿಯೋ ಜನವಿಲ್ಲದ ಬಯಲಿನಲ್ಲಿಯೋ ಬರಿಯ ಗಾಡಿಯನ್ನು ಮೆಲ್ಲಗೆ ಓಡಿಸಿ ಬ್ರೇಕು ಹಿಡಿದು, ಎರಡೂ ಗಾಲಿಗಳ ಗುರುತು ನೆಲದ ಮೇಲೆ ಸಮನಾಗಿ ಬಿದ್ದಿದೆಯೋ ನೋಡಬೇಕು. ಒಂದೇ ಗಾಲಿ ಹಿಡಿದರೆ ಗಾಡಿಯು ಆ ಕಡೆಗೆ ಎಳೆಯುವದು. ಇನ್ನೊಂದರ ಲೈನರಿಗೆ ಗ್ರೀಸು ತಾಗಿರಬಹುದು. ಆ ಮೇಲೆ ಅರ್ಧ ಭಾರ, ಆ ಮೇಲೆ ಪೂರ್ಣ ಭಾರ. ಎಂಟು ಹತ್ತು ಕಿಲೋಮೀಟರು ನಡೆದ ತರುವಾಯ ಇಳಿದು ಹಬ್ಬುಗಳ ಮೇಲೆ ಎಚ್ಚರದಿಂದ ಅಂಗೈ ಇಟ್ಟು ನೋಡಿರಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಡುತ್ತಿದ್ದರೆ ಬೇರಿಂಗು ಬಿಗಿಯಾಗಿದೆ, ಇಲ್ಲವೆ ಲಾಳವು ಉಜ್ಜುತ್ತಿದೆ. ಡ್ರಮ್ಮು ಬಿಚ್ಚಿದಾಗ ಒಳಗಿನ ಧೂಳನ್ನು ಬಾಯಿಂದ ಊದಬಾರದು, ಗಾಳಿಯ ಪಂಪಿನಿಂದಲೂ ಊದಬಾರದು. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಆ ಧೂಳು ಪುಪ್ಪುಸವನ್ನು ಹೊಕ್ಕರೆ ವರ್ಷಗಳ ಮೇಲೆ ಭಯಂಕರವಾದ ರೋಗವನ್ನುಂಟುಮಾಡುವದು. ಒದ್ದೆಯ ಬಟ್ಟೆಯಿಂದ ಒರೆಸಿ, ಮಕ್ಕಳನ್ನು ಅಂಗಳದಿಂದ ಆಚೆಗೆ ಕಳಿಸಿರಿ.

ಕೊನೆಯ ಪ್ರಶ್ನೆ ಬಣ್ಣದ್ದು. ಅಚ್ಚಿಗೆ, ಗಾಲಿಗೆ, ಹಲಗೆಗೆ, ಕೊಂಡಿಗೆ ಯಾವ ಬಣ್ಣವನ್ನಾದರೂ ಬಳಿಸಿರಿ. ಹಿಂದುಗಡೆ ಇರುಳಿನಲ್ಲಿ ಹೊಳೆಯುವ ಕೆಂಪು ಪಟ್ಟಿಯನ್ನೂ ಅಂಟಿಸಿರಿ. ಡ್ರಮ್ಮಿನ ಒಳಮೈಗೆ ಮಾತ್ರ ಒಂದು ಹನಿಯೂ ತಾಗಬಾರದು.